ಹಳ್ಳಿಯ ಚೆಲುವು ಯಾರಿಗೆ?

ಹಳ್ಳಿಯ ಚೆಲುವು ನೋಡುವ ಕಣ್ಣಿನಲ್ಲಿದೆ ಅಂತಾರೆ ಪಂಡಿತರು. ನಾವು ಒಪ್ಪೋದಿಲ್ಲ.

ಇಂಗ್ಲೆಂಡಿಗೆ ಓದಲು ಬಂದ ಕೇರಿಯ ಮಕ್ಕಳು ನಾವು. ವಾರದ ರಜೆಗೆ ಮ್ಯಾಂಚೆಸ್ಟರಿನಿಂದ ರೈಲು ಹತ್ತಿ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ಹೋಗ್ತೇವೆ. ಯಾರದೋ ಹುಲ್ಲುಗಾವಲಿನ ನಡುವೆ ದಾರಿ. ಯಾವ ಕೇರಿಯವನೋ ನೀನು ಅಂತ ಕೇಳೋರಿಲ್ಲ. ಹಸಿರು ಕಣ್ಣು ತುಂಬುತ್ತದೆ. ನಮ್ಮೂರಲ್ಲೂ ಹಸಿರಿತ್ತು. ಆದರೆ ಗೌಡರ ಬದುವಿನ ಮೇಲೆ ತಲೆ ತಗ್ಗಿಸಿ ನಡೆಯುವವನಿಗೆ ಬೆಟ್ಟ ಹೇಗೆ ಕಂಡೀತು?

ಈ ದಾರಿಯೂ ಧಣಿಗಳ ದಾನವಲ್ಲ. ಹಕ್ಕಿ ಬೇಟೆಗೆಂದು ಅವರು ಬೆಟ್ಟವನ್ನೇ ಮುಚ್ಚಿದ್ದರು. 1932ರ ಏಪ್ರಿಲ್ 24ರಂದು ನೂರಾರು ದುಡಿಯುವ ಯುವಕರು ಕಾವಲುಗಾರರನ್ನು ಎದುರಿಸಿ ಹತ್ತಿದರು. ಐವರು ಜೈಲು ಸೇರಿದರು. ಇಂಥ ಬೆಟ್ಟಬಯಲಲ್ಲಿ ನಡೆಯುವ ಹಕ್ಕು ಕಾನೂನಾದದ್ದು 2000ದಲ್ಲಿ.

ಮಹಾಡದಲ್ಲಿ ಆದದ್ದು ಇದರ ತಿರುವುಮುರುವು. ಚೌದಾರ್ ಕೆರೆ ಎಲ್ಲರದು ಎಂದು ಪುರಸಭೆ ಮೊದಲೇ ನಿರ್ಣಯಿಸಿತ್ತು. ಆದರೂ 1927ರಲ್ಲಿ ಬಾಬಾಸಾಹೇಬರ ಜೊತೆ ನಡೆದು ನೀರು ಕುಡಿದವರಿಗೆ ಏಟು ಬಿತ್ತು. ಆಮೇಲೆ ಕೆರೆಯನ್ನೇ ಶುದ್ಧಿ ಮಾಡಿದರು.

ಇಂಗ್ಲೆಂಡಿನಲ್ಲಿ ಅಡ್ಡ ನಿಂತದ್ದು ಆಸ್ತಿ. ಕಾನೂನು ಅದನ್ನು ಸರಿಸಿತು. ನಮ್ಮಲ್ಲಿ ಅಡ್ಡ ನಿಂತದ್ದು ಕಾನೂನಿಗೂ ಬಗ್ಗದ ಮನಸ್ಸು. ಅದು ಸರಿಯೋವರೆಗೂ ಹಳ್ಳಿಯ ಚೆಲುವಿನ ಹಾಡು ನಮ್ಮ ಬಾಯಲ್ಲಿ ಹುಟ್ಟೋದಿಲ್ಲ.