ನನಗೆ ಸೇರದು

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬುದು ನಮ್ಮ ಗಾದೆ. ಉಡುವ ಬಟ್ಟೆಯಲ್ಲಿ ಲೋಕದ ಕಣ್ಣಿಗೆ ಅಂಜಬೇಕು, ಉಣ್ಣುವ ತುತ್ತಿಗೆ ಯಾರ ಅಪ್ಪಣೆಯೂ ಬೇಡ ಎಂದು ಅದರ ತಾತ್ಪರ್ಯ. ಮಾತು ಸೊಗಸಾಗಿದೆ. ಆದರೆ ಪಂಕ್ತಿಯಲ್ಲಿ ಕುಳಿತವನೊಬ್ಬನು ಮೊಸರನ್ನಕ್ಕೆ ಉಪ್ಪಿನಕಾಯಿಯನ್ನು ಬಿಟ್ಟು ಸಕ್ಕರೆ ಬೆರೆಸಿಕೊಂಡರೆ ಅಕ್ಕಪಕ್ಕದವರು ಸುಮ್ಮನಿರುವರೆ? ರುಚಿಯ ವಿಷಯದಲ್ಲಿ ವಾದ ಸಲ್ಲದೆಂದು ಹೇಳುತ್ತಲೇ ನಾವು ಬೇರೆ ಯಾವ ವಿಷಯದಲ್ಲಿಯೂ ಮಾಡದಷ್ಟು ವಾದವನ್ನು ಅದರಲ್ಲಿ ಮಾಡುತ್ತೇವೆ. ಹೀಗೇಕೆ ಎಂಬುದನ್ನು ತುಸು ವಿಚಾರಿಸಬೇಕಾಗಿದೆ.

ಮೊದಲು ಒಂದು ಸಂಗತಿಯನ್ನು ಗಮನಿಸೋಣ. ಜಗಳ ಅನ್ನದ ಬಗೆಗೆ ಹುಟ್ಟುವುದು ಕಡಿಮೆ. ಅನ್ನದ ಬದಿಗೆ ಬೀಳುವ ಚಿಟಿಕೆಯ ಬಗೆಗೆ, ಮೇಲೆ ಸುರಿಯುವ ಹನಿಯ ಬಗೆಗೆ ಹುಟ್ಟುವುದೇ ಹೆಚ್ಚು. ಆ ಚಿಟಿಕೆಯನ್ನು ಬೆರಳ ತುದಿಯಲ್ಲಿ ಮುಟ್ಟಿ ತುತ್ತಿಗೆ ಕೂಡಿಸುವ ಕ್ರಿಯೆಗೆ ಕನ್ನಡದಲ್ಲಿ ನಂಜಿಕೊಳ್ಳುವುದು ಎಂಬ ಪ್ರತ್ಯೇಕ ಪದವೇ ಉಂಟು. ಸಂಸ್ಕೃತದವರು ನಂಜಿಕೊಳ್ಳುವ ವಸ್ತುವನ್ನು ವ್ಯಂಜನವೆಂದರು. ಕಕಾರಾದಿ ಅಕ್ಷರಗಳಿಗೂ ಅದೇ ಹೆಸರೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಪ್ರಕಟಪಡಿಸುವಂಥದು ಎಂದು ಆ ಶಬ್ದದ ಅರ್ಥ. ಸ್ವರದ ನೆರವಿಲ್ಲದೆ ಕಕಾರವನ್ನು ಉಚ್ಚರಿಸಲಾಗದು. ಗಂಜಿಯ ನೆರವಿಲ್ಲದೆ ಮಿಡಿ ಉಪ್ಪಿನಕಾಯಿಯಿಂದ ಹೊಟ್ಟೆ ತುಂಬಿಸಲಾಗದು. ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ರಸವನ್ನು ವಿವರಿಸಹೊರಟಾಗ, ನಾನಾ ವ್ಯಂಜನಗಳಿಂದ ಸಂಸ್ಕರಿಸಿದ ಅನ್ನವನ್ನು ಆಸ್ವಾದಿಸುವವನ ದೃಷ್ಟಾಂತವನ್ನೇ ಕೈಗೆತ್ತಿಕೊಂಡನು. ನಮ್ಮ ಕಾವ್ಯಮೀಮಾಂಸೆಯೆಲ್ಲ ಊಟದೆಲೆಯ ಮುಂದೆ ಹುಟ್ಟಿತೆಂದರೆ ಪಂಡಿತರು ಸಿಟ್ಟಾಗಲಾರರೆಂದು ನಂಬಿದ್ದೇನೆ.

ಔತಣದ ಬಾಳೆಲೆಯನ್ನು ನೋಡಿರಿ. ಅನ್ನಕ್ಕೂ ಮೊದಲೇ ಎಲೆಯ ಎಡತುದಿಯಲ್ಲಿ ಉಪ್ಪು, ಉಪ್ಪಿನಕಾಯಿಗಳು ಬಂದು ಕೂರುತ್ತವೆ. ಸಾರು, ಸಾಂಬಾರುಗಳು ಎಲ್ಲರಿಗೂ ಒಂದೇ ಪಾತ್ರೆಯಿಂದ ಬರುತ್ತವೆ. ಅವುಗಳಲ್ಲಿ ಅಡಿಗೆಯವನ ಮಾತೇ ನಡೆಯುತ್ತದೆ. ಆ ತುದಿಯ ಉಪ್ಪನ್ನು ಎಷ್ಟು ಮುಟ್ಟಬೇಕು, ಮುಟ್ಟಬೇಕೇ ಬೇಡವೇ ಎಂಬುದನ್ನು ಮಾತ್ರ ಉಣ್ಣುವವನಿಗೆ ಬಿಟ್ಟಿದೆ. ಒಂದು ಎಲೆಯಲ್ಲಿ ಒಬ್ಬನ ಸ್ವಂತ ಜಾಗವೆಂದರೆ ಅಷ್ಟೇ.

ಇಂಥ ಸ್ವಂತ ಜಾಗಕ್ಕೆ 2017ರ ಫೆಬ್ರವರಿಯಲ್ಲಿ ಒಂದು ದೇಶದ ಅಧ್ಯಕ್ಷರೇ ಕೈಹಾಕಿದಂತಾಯಿತು. ಇಟಲಿಯವರ ಪಿಜ್ಜಾ ಎಂಬ ತಿಂಡಿ ಈಗ ನಮ್ಮ ಪೇಟೆಗಳಿಗೂ ಬಂದಿದೆ. ಗೋದಿಯ ಹಿಟ್ಟನ್ನು ಹುದುಗು ಬರಿಸಿ, ಅಗಲವಾಗಿ ತಟ್ಟಿ, ಟೊಮೆಟೊ ಚೀಸುಗಳನ್ನು ಹರವಿ ಒಲೆಯಲ್ಲಿ ಬೇಯಿಸುತ್ತಾರೆ. ಅದರ ಮೇಲೆ ಅನಾನಸಿನ ಹೋಳುಗಳನ್ನಿಡುವ ಪದ್ಧತಿಯನ್ನು 1962ರಲ್ಲಿ ಕೆನಡಾದ ಚಾಥಂ ಎಂಬ ಊರಿನಲ್ಲಿ ಹೋಟೆಲು ನಡೆಸುತ್ತಿದ್ದ ಸ್ಯಾಂ ಪನೋಪುಲೋಸ್ ಎಂಬ ಗ್ರೀಕ್ ಮೂಲದವರು ಆರಂಭಿಸಿದರು. ಇದು ಸರಿಯೆ ತಪ್ಪೆ ಎಂದು ಆ ದೇಶಗಳಲ್ಲಿ ಇಂದಿಗೂ ಜಗಳ ನಿಂತಿಲ್ಲ. ಐಸ್‌ಲೆಂಡಿನ ಅಂದಿನ ಅಧ್ಯಕ್ಷರೂ ಚರಿತ್ರೆಯ ವಿದ್ವಾಂಸರೂ ಆದ ಗುಡ್ನಿ ಯೋಹಾನೆಸ್ಸೊನ್ನರು ಅಕುರೇರಿ ಪಟ್ಟಣದ ಒಂದು ಶಾಲೆಗೆ ಹೋಗಿದ್ದಾಗ ವಿದ್ಯಾರ್ಥಿಗಳ ಪ್ರಶ್ನೆಗೆ ಉತ್ತರವಾಗಿ, ಪಿಜ್ಜಾಕ್ಕೆ ಅನಾನಸು ಹಾಕುವುದು ತಮಗೆ ಒಪ್ಪಿಗೆಯಿಲ್ಲವೆಂದೂ ಸಾಧ್ಯವಿದ್ದರೆ ಅದನ್ನು ನಿಷೇಧಿಸುತ್ತಿದ್ದೆನೆಂದೂ ನಕ್ಕು ಹೇಳಿದರು. ಸುದ್ದಿ ಲೋಕವೆಲ್ಲ ಸುತ್ತಿತು. ಬಳಿಕ ಅವರೇ ವಿವರಣೆ ಕೊಟ್ಟರು: ಅನಾನಸು ತಮಗೆ ಪ್ರಿಯವೇ, ಪಿಜ್ಜಾದ ಮೇಲೆ ಮಾತ್ರ ಬೇಡ, ಅಂಥ ಕಾನೂನು ಮಾಡುವ ಅಧಿಕಾರ ತಮಗಿಲ್ಲ, ಇಲ್ಲದಿರುವುದೇ ಸಂತೋಷ, ತನಗೆ ಸೇರದ್ದನ್ನು ಅಧ್ಯಕ್ಷನು ನಿಷೇಧಿಸಬಲ್ಲ ದೇಶದಲ್ಲಿ ಬಾಳಲು ತಮಗೆ ಇಷ್ಟವಿಲ್ಲ. ವಿನೋದದ ಮಾತೆಂದು ನಕ್ಕು ಬಿಡಬಹುದು. ನನ್ನ ಮಟ್ಟಿಗೆ ಅದು ಪೌರನೀತಿಯ ಒಂದು ಒಳ್ಳೆಯ ಪಾಠ.

ಕಾಸರಗೋಡಿನವರಿಗೆ ಈ ವ್ಯಾಜ್ಯವೇ ವಿಚಿತ್ರವೆಂದು ತೋರುವುದು ಸಹಜ. ನಮ್ಮ ಮದುವೆಯ ಊಟದಲ್ಲಿ ಅನಾನಸಿನ ಮೆಣಸ್ಕಾಯಿ ಬಡಿಸದಿದ್ದರೆ ಬೀಗರು ಗೊಣಗುತ್ತಾರೆ. ಹಣ್ಣನ್ನು ಬೆಲ್ಲ, ಹುಳಿ, ಒಣಮೆಣಸು, ಹುರಿದ ಎಳ್ಳು, ತೆಂಗಿನಕಾಯಿಗಳೊಡನೆ ಕುದಿಸಿ ಅನ್ನಕ್ಕೆ ಕಲಸಿ ಉಣ್ಣುವವರಿಗೆ ಅದನ್ನು ರೊಟ್ಟಿಯ ಮೇಲಿಟ್ಟವನ ಅಪರಾಧ ಹೇಗೆ ತಿಳಿಯಬೇಕು? ಹಾಗೆಂದು ಅನಾನಸು ನಮ್ಮ ಅಜ್ಜಂದಿರ ಕಾಲದಿಂದ ಈ ಮಣ್ಣಿನದೇ ಎಂದು ಬೀಗುವಂತೆಯೂ ಇಲ್ಲ. ದಕ್ಷಿಣ ಅಮೆರಿಕದ ಆ ಹಣ್ಣನ್ನು ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ತಂದರು. ಹೊಸದಾಗಿ ಕಂಡ ಮಲೆಯಾಳಿಗಳು ಅದಕ್ಕೆ ಕೇದಗೆಯ ಹಲಸು ಎಂಬರ್ಥದಲ್ಲಿ ಕೈತಚ್ಚಕ್ಕ ಎಂದು ಹೆಸರಿಟ್ಟುಕೊಂಡರು. ಮೆಣಸಿನಕಾಯಿಯ ಕತೆಯೂ ಅದೇ. ಆ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ಕನ್ನಡದಲ್ಲಿ ಸೂಪಶಾಸ್ತ್ರವನ್ನು ಬರೆಯುವಾಗ ಮೆಣಸೆಂದರೆ ಕಾಳುಮೆಣಸು. ಇಂದು ಗಂಜಿಯ ಬಟ್ಟಲಿಗೆ ಜೀರಿಗೆಮೆಣಸನ್ನು ಕಿವುಚಿಕೊಂಡು ಹಳೆಯ ಕಾಲದ ರುಚಿಯೆಂದು ಹಿಗ್ಗುವವರು ಹಿಗ್ಗಲಿ, ರುಚಿಗೆ ಅಡ್ಡಿಯಿಲ್ಲ. ಹಳತೆಂಬ ಆಧಾರದ ಮೇಲೆ ಇನ್ನೊಬ್ಬನ ಎಲೆಯನ್ನು ಮಾತ್ರ ಆಕ್ಷೇಪಿಸುವಂತಿಲ್ಲ.

ಹಾಗಾದರೆ ರುಚಿಯಲ್ಲಿ ಸರಿ ತಪ್ಪುಗಳೇ ಇಲ್ಲವೆ? ಇಲ್ಲವೆನ್ನುವುದು ಅವಸರದ ಮಾತು. ಡೇವಿಡ್ ಹ್ಯೂಮನು 1757ರಲ್ಲಿ ರುಚಿಯ ಮಾನದಂಡವನ್ನು ಕುರಿತು ಬರೆದ ಪ್ರಬಂಧದಲ್ಲಿ ಡಾನ್ ಕ್ವಿಕ್ಸೋಟಿನ ಒಂದು ಕತೆಯನ್ನು ಎತ್ತಿಕೊಳ್ಳುತ್ತಾನೆ. ಸಾಂಚೋನ ಬಂಧುಗಳಿಬ್ಬರಿಗೆ ಒಂದು ಪೀಪಾಯಿಯ ದ್ರಾಕ್ಷಾರಸವನ್ನು ಸವಿನೋಡಲು ಕೊಟ್ಟರಂತೆ. ಒಳ್ಳೆಯದೇ, ತುಸು ತೊಗಲಿನ ರುಚಿಯಿದೆ ಎಂದನು ಒಬ್ಬನು. ಕಬ್ಬಿಣದ ರುಚಿ ಎಂದನು ಮತ್ತೊಬ್ಬನು. ನೆರೆದವರು ಇಬ್ಬರನ್ನೂ ನಕ್ಕರು. ಪೀಪಾಯಿ ಬರಿದಾದಾಗ ತಳದಲ್ಲಿ ತೊಗಲಿನ ದಾರ ಕಟ್ಟಿದ ಹಳೆಯ ಬೀಗದ ಕೈ ಸಿಕ್ಕಿತು! ಎಣ್ಣೆ ಹಳತಾಗಿದೆ, ಉಪ್ಪು ಒಂದು ಚೂರು ಮುಂದಾಗಿದೆ ಎಂದು ನಾಲಗೆಗೆ ಮುಟ್ಟಿಸಿದೊಡನೆ ಹೇಳಬಲ್ಲ ಅಜ್ಜಿಯಂದಿರು ಈ ಜಾತಿಯವರು. ವಸ್ತುವಿನಲ್ಲಿ ಏನಿದೆಯೆಂದು ಗುರುತಿಸುವುದರಲ್ಲಿ ಸರಿ ತಪ್ಪುಂಟು, ಅಭ್ಯಾಸದಿಂದ ಪಳಗುವುದುಂಟು. ಗುರುತಿಸಿದ ಮೇಲೆ ಅದು ಬೇಕೋ ಬೇಡವೋ ಎಂಬ ಪ್ರಶ್ನೆ ಬೇರೆ. ಅಲ್ಲಿ ಕಾಂಟನು ತನ್ನ 1790ರ ಗ್ರಂಥದಲ್ಲಿ ಹೇಳಿದ ಎಚ್ಚರಿಕೆ ಸಲ್ಲುತ್ತದೆ: ಈ ಪಾನೀಯ ಹಿತವಾಗಿದೆ ಎನ್ನುವವನು ನನಗೆ ಹಿತವಾಗಿದೆ ಎಂದು ತಿದ್ದಿಕೊಳ್ಳಬೇಕು.

ಜರ್ಮನ್ ತತ್ತ್ವಜ್ಞಾನಿ ತಿದ್ದಿ ಹೇಳಬೇಕಾದುದನ್ನು ಕನ್ನಡವು ಮೊದಲೇ ವಾಕ್ಯದೊಳಗೆ ಇಟ್ಟುಕೊಂಡಿದೆ. ನನಗೆ ಹಾಗಲಕಾಯಿ ಸೇರದು ಎನ್ನುತ್ತೇವೆ. ಚತುರ್ಥೀ ವಿಭಕ್ತಿ ಬಂದೊಡನೆ ಮಾತು ನನ್ನ ಗಡಿಯೊಳಗೆ ನಿಂತಿತು. ಸೇರದಿರುವುದು ನನಗೂ ಹಾಗಲಕಾಯಿಗೂ ನಡುವಣ ವ್ಯವಹಾರ; ಮೂರನೆಯವನಿಗೆ ಅದರಿಂದ ಬಾಧೆಯಿಲ್ಲ. ಆದರೆ ಮನುಷ್ಯನು ಅಷ್ಟಕ್ಕೆ ನಿಲ್ಲುವುದಿಲ್ಲ. ನನಗೆ ಸೇರದು ಎಂಬುದು ಅದು ಕೆಟ್ಟದ್ದು ಎಂದಾಗುತ್ತದೆ. ಅದು ಕೆಟ್ಟದ್ದು ಎಂಬುದು ಅದನ್ನು ತಿನ್ನುವವರು ಎಂಥವರೋ ಎಂದಾಗುತ್ತದೆ. ಈ ಮೂರು ಮೆಟ್ಟಿಲುಗಳನ್ನು ಒಂದೇ ಉಸಿರಿನಲ್ಲಿ ಇಳಿಸುವ ಪದ 'ಛೀ'. ಒಂದೇ ಅಕ್ಷರವಾದುದರಿಂದ ಯಾವ ಮೆಟ್ಟಿಲಲ್ಲಿ ನಿಂತು ಹೇಳಿದೆವೆಂಬುದು ಹೇಳಿದವನಿಗೇ ತಿಳಿಯದು. ಕೇಳಿದವನಿಗೆ ಮಾತ್ರ ಚೆನ್ನಾಗಿ ತಿಳಿಯುತ್ತದೆ.

ನಾವು ಇದನ್ನು ಕೇಳಿಸಿಕೊಂಡವರೇ. ಬೇಯಿಸಿದ ಮರಗೆಣಸಿನ ಮೇಲೆ, ಗಂಜಿಯ ಚಟ್ನಿಯ ಮೇಲೆ ಹಸಿ ತೆಂಗಿನೆಣ್ಣೆಯನ್ನು ಹನಿಸಿಕೊಂಡು ಬೆಳೆದ ಹುಡುಗನು ಓದಿಗೋ ಉದ್ಯೋಗಕ್ಕೋ ಘಟ್ಟ ಹತ್ತಿದರೆ, ಇದು ತಲೆಗೆ ಹಚ್ಚುವ ಎಣ್ಣೆಯಲ್ಲವೆ ಎಂಬ ಪ್ರಶ್ನೆ ಅವನಿಗಾಗಿ ಕಾದಿರುತ್ತದೆ. ಕೇಳುವವರೂ ಕನ್ನಡಿಗರೇ. ಜೋಳದ ರೊಟ್ಟಿಗೆ ಗುರೆಳ್ಳಿನ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ನಂಜಿಕೊಳ್ಳುವವರ ಪಂಕ್ತಿಯಲ್ಲಿ ನಮ್ಮವರೂ ಮುಖ ಸಿಂಡರಿಸಿದ್ದುಂಟು. ಭಾಷೆ ಒಂದಾದರೆ ಸಾಲದು, ನಾಲಗೆ ಎರಡು ಕೆಲಸ ಮಾಡುವ ಅಂಗ.

ಐಸ್‌ಲೆಂಡಿನ ಅಧ್ಯಕ್ಷರ ಹೇಳಿಕೆಯ ಕೊನೆಯ ಮಾತನ್ನು ಇಲ್ಲಿಯವರೆಗೆ ಬೇಕೆಂದೇ ತಡೆದಿದ್ದೇನೆ. ಪಿಜ್ಜಾದ ಮೇಲೆ ಮೀನನ್ನು ಹಾಕಿಕೊಳ್ಳಿರೆಂದು ಅವರು ಸಲಹೆಯಿತ್ತಿದ್ದರು. ನಮ್ಮಲ್ಲಿ ನಗು ನಿಂತು ಇಕ್ಕಟ್ಟು ಆರಂಭವಾಗುವುದು ಈ ಮಾತಿನಲ್ಲಿಯೇ. 1980ರ ದಶಕದಲ್ಲಿ ಕೇರಳದ ಶಾಲೆಗಳಲ್ಲಿ ಮಧ್ಯಾಹ್ನದ ಊಟದ ಏರ್ಪಾಡು ಬಂದಾಗ ಮಕ್ಕಳಿಗೆ ಗಂಜಿಯನ್ನೂ ಹೆಸರುಕಾಳಿನ ಪಲ್ಯವನ್ನೂ ಬಡಿಸುತ್ತಿದ್ದರು. ಈಗ ಗಂಜಿ ಹೋಗಿ ಅನ್ನ, ಪದಾರ್ಥಗಳು ಬಂದಿವೆ. ಕನ್ನಡ, ತುಳು, ಮಲೆಯಾಳ, ಕೊಂಕಣಿ, ಬ್ಯಾರಿ, ಮರಾಟಿ ಮನೆಮಾತಿನ ಮಕ್ಕಳಿಗೆಲ್ಲ ಪಾತ್ರೆ ಒಂದೇ. ಮನೆಯಿಂದ ಬರುವ ಪುಟ್ಟ ಡಬ್ಬಿ ಮಾತ್ರ ಬೇರೆ ಬೇರೆ. ಒಂದರಲ್ಲಿ ಮಾವಿನ ಮಿಡಿ, ಇನ್ನೊಂದರಲ್ಲಿ ಒಣಮೀನಿನ ಚಟ್ನಿ. ಆ ಡಬ್ಬಿಯಲ್ಲಿ ಮನೆಯಿದೆ, ಕಸುಬಿದೆ, ಜಾತಿಯೂ ಇದೆ. ಅದರ ಮೇಲೆ ಹೇಳುವ 'ಛೀ' ಚಟ್ನಿಯ ಮೇಲೆಯೇ ನಿಲ್ಲುವುದೆಂದು ಯಾರೂ ವಾದಿಸಲಾರರು.

ಎದುರು ಪಕ್ಷದ ಕಷ್ಟವನ್ನೂ ಹೇಳಬೇಕು. ಹುಟ್ಟಿನಿಂದ ಸಸ್ಯಾಹಾರಿಯಾದ ಮಗುವಿಗೆ ಒಣಮೀನಿನ ವಾಸನೆಯಿಂದ ಹೊಟ್ಟೆ ತೊಳೆಸಿದರೆ ಅದು ಸೊಕ್ಕಿನಿಂದಲ್ಲ. ದೇಹ ತನಗೆ ಕಲಿಸಿದ್ದನ್ನು ಒಪ್ಪಿಸುತ್ತದೆ. ಅದೇ ಮಗು ಭರಣಿಯ ಮುಚ್ಚಳ ತೆಗೆದೊಡನೆ ಮನೆಯೆಲ್ಲ ಹರಡುವ ಉಪ್ಪುಸೊಳೆಯ ವಾಸನೆಗೆ ಬಾಯಲ್ಲಿ ನೀರೂರಿಸುತ್ತದೆ, ಪರಊರಿನವರು ಆ ವಾಸನೆಗೆ ಅಂಗಳಕ್ಕೆ ಓಡಿದರೂ. ಹೊಟ್ಟೆ ತೊಳೆಸುವುದಕ್ಕೆ ಯಾರನ್ನೂ ದೂರುವಂತಿಲ್ಲ. ತಿನ್ನಲೇಬೇಕೆಂದು ಕೆಣಕುವುದು, ಹುಲ್ಲು ತಿನ್ನುವವನೆಂದು ಗೇಲಿಮಾಡುವುದು ಇವೂ ಅದೇ ಮೂರನೆಯ ಮೆಟ್ಟಿಲಿನ ಮಾತುಗಳು. ತಡೆಯಲಾಗದ ಮಗು ಎದ್ದು ಕಿಟಕಿಯ ಬಳಿ ಕೂರಲಿ. ಆದರೆ ಅಧ್ಯಾಪಕರು ಜಗಳವೇ ಬೇಡವೆಂದು ಡಬ್ಬಿ ನೋಡಿ ಎರಡು ಸಾಲು ಮಾಡಿದರೆ, ಮಗುವಿನ ಹೊಟ್ಟೆಯ ಸಂಕಟವನ್ನು ಶಾಲೆಯ ತೀರ್ಪನ್ನಾಗಿ ಮಾಡಿದಂತೆ. ಸದುದ್ದೇಶದಿಂದ ಮಾಡಿದರೂ ಅದನ್ನು ನಾನು ಒಪ್ಪಲಾರೆ.

ಡಬ್ಬಿಯ ಮುಚ್ಚಳವನ್ನು ಪೂರ್ತಿ ತೆಗೆಯದೆ, ಅದನ್ನೇ ಮರೆಯಾಗಿ ಹಿಡಿದು ಅವಸರವಾಗಿ ಉಣ್ಣುವ ಮಗುವನ್ನು ಕಾಣದ ಅಧ್ಯಾಪಕರು ವಿರಳ. ಆ ದಿನ ಅದಕ್ಕೆ ಯಾರೂ ಏನೂ ಅಂದಿರುವುದಿಲ್ಲ. ಹಿಂದೆ ಎಂದೋ ಪಕ್ಕದ ಮಗು ಮೂಗು ಮುಚ್ಚಿಕೊಂಡಿರುತ್ತದೆ, ಅಷ್ಟೇ.