ಉಪಕರಣವೂ ಉಪಕಾರವೂ

ಉಪಕಾರ, ಉಪಕರಣ ಎಂಬ ಎರಡು ಪದಗಳಿಗೂ ಮೂಲಧಾತು ಒಂದೇ. ಪರರಿಗೆ ನೆರವಾಗುವ ಕಾರ್ಯವು ಉಪಕಾರ. ಆ ಕಾರ್ಯಕ್ಕೆ ಸಾಧನವಾದುದು ಉಪಕರಣ. 'ಉಪ' ಎಂಬ ಉಪಸರ್ಗಕ್ಕೆ ಸಮೀಪವೆಂಬ ಅರ್ಥವುಂಟಷ್ಟೆ. ಹತ್ತಿರವಿದ್ದು ಮಾಡುವುದೇ ಉಪಕಾರವೆಂಬ ಭಾವವನ್ನು ಈ ಪದದಲ್ಲಿ ಕಾಣಬಹುದು. ಹಾಗಾದರೆ ಸಾಧನವು ಮಾತ್ರ ಹತ್ತಿರ ಉಳಿದು, ಉಪಕಾರಿಯು ದೂರ ಸರಿದಾಗ ಆಗುವುದೇನು? ಈ ಪ್ರಶ್ನೆಯು ಆಸ್ಪತ್ರೆಯ ಮಂಚದ ಬಳಿಯಲ್ಲಿ ಬಹು ಸ್ಪಷ್ಟವಾಗಿ ಎದುರಾಗುತ್ತದೆ.

ದಾವಣಗೆರೆಯ ನಿಟ್ಟುವಳ್ಳಿಯ ವೃದ್ಧರೊಬ್ಬರು ಶ್ವಾಸಕೋಶದ ವ್ಯಾಧಿಯಿಂದ ಆಸ್ಪತ್ರೆಯನ್ನು ಸೇರಿದರೆಂದು ಭಾವಿಸಬಹುದು. 1965ರಲ್ಲಿಯೇ ವೈದ್ಯಕೀಯ ಮಹಾವಿದ್ಯಾಲಯವನ್ನು ಪಡೆದ ಊರದು. ಹರಿಹರದಿಂದಲೂ ಸುತ್ತಣ ಹಳ್ಳಿಗಳಿಂದಲೂ ರೋಗಿಗಳು ಅಲ್ಲಿಗೆ ಬರುವರು. ವೃದ್ಧರ ಮುಖಕ್ಕೆ ಬಿಗಿಯಾದ ಮಾಸ್ಕನ್ನು ತೊಡಿಸುವರು. ಕೆಲವು ದಿನಗಳಲ್ಲಿ ಉಸಿರು ಹದಕ್ಕೆ ಬರುವುದು. ಮನೆಯವರು ಸಂತೋಷದಿಂದ ನೋಡುತ್ತಿರಲು ಮಾಸ್ಕನ್ನು ತೆಗೆದರೆ, ಮೂಗಿನ ಮೂಳೆಯ ಮೇಲೆ ಚರ್ಮವು ಕಪ್ಪಾಗಿ ಕೊಳೆತಿದೆ. ರೋಗವು ಈ ಗಾಯವನ್ನು ಮಾಡಲಿಲ್ಲ. ಪ್ರಾಣವನ್ನುಳಿಸಿದ ಸಾಧನವೇ ಮಾಡಿತು. ಇದು ಒಂದು ಊರಿನ ಅಥವಾ ಒಂದು ಆಸ್ಪತ್ರೆಯ ಸಂಗತಿಯಲ್ಲ, ಉಪಕರಣವಿರುವೆಡೆಯಲ್ಲೆಲ್ಲ ಸಂಭವಿಸಬಹುದಾದುದು.

ಇದರ ಕಾರಣವು ಗೂಢವಾದುದಲ್ಲ. ಗಟ್ಟಿಯಾದ ವಸ್ತುವಿಗೂ ಒಳಗಿನ ಮೂಳೆಗೂ ನಡುವೆ ಚರ್ಮವು ಸಿಕ್ಕಿದಾಗ ಸೂಕ್ಷ್ಮ ರಕ್ತನಾಳಗಳು ಮುಚ್ಚಿಹೋಗುತ್ತವೆ. ರಕ್ತವಿಲ್ಲದೆ ಆ ಭಾಗವು ಸಾಯತೊಡಗುತ್ತದೆ. ಉಸಿರಿನ ತೇವವೂ ಬೆವರೂ ಚರ್ಮವನ್ನು ಮೆತ್ತಗೆ ಮಾಡಿ ಹಾನಿಯನ್ನು ಹೆಚ್ಚಿಸುತ್ತವೆ. ಆಮ್ಲಜನಕದ ನಳಿಕೆಯು ಕಿವಿಯ ಹಿಂದೆ, ಗಂಟಲಿಗಿಳಿಸಿದ ನಳಿಕೆಯು ತುಟಿಯ ಅಂಚಿನಲ್ಲಿ, ಪ್ಲಾಸ್ಟರು ಹಿಮ್ಮಡಿಯಲ್ಲಿ ಇದೇ ಕೆಲಸವನ್ನು ಮಾಡಬಲ್ಲವು. ಹಾಸಿಗೆ ಹುಣ್ಣನ್ನು ಲೋಕವು ಬಹುಕಾಲದಿಂದ ಬಲ್ಲದು. ಆದರೆ ಉಪಕರಣದ ಒತ್ತಡದಿಂದಾಗುವ ಗಾಯಕ್ಕೆ ಅಮೇರಿಕದ ತಜ್ಞಮಂಡಲಿಯೊಂದು 2016ರಲ್ಲಿ ಪ್ರತ್ಯೇಕ ಲಕ್ಷಣವನ್ನು ನಿರೂಪಿಸಿತು. ಈ ಗಾಯವು ಸಾಮಾನ್ಯವಾಗಿ ಉಪಕರಣದ ಆಕಾರವನ್ನೇ ತಳೆಯುತ್ತದೆ. ಉಪಕಾರವು ತನ್ನ ಮುದ್ರೆಯನ್ನು ತಾನೇ ಒತ್ತಿದಂತೆ!

ಇಲ್ಲಿ ತಪ್ಪು ಯಾರದು? ಹಾಸಿಗೆ ಹುಣ್ಣು ಬಹುಮಟ್ಟಿಗೆ ರೋಗದ ದೋಷವಲ್ಲ, ಶುಶ್ರೂಷೆಯ ದೋಷವೆಂಬುದು 1859ರಷ್ಟು ಹಿಂದೆಯೇ ಫ್ಲಾರೆನ್ಸ್ ನೈಟಿಂಗೇಲಳು ಪ್ರಕಟಿಸಿದ ಅಭಿಪ್ರಾಯ. ಆ ಮಾತಿನಲ್ಲಿ ಸತ್ಯವುಂಟು, ಆದರೆ ಪೂರ್ಣಸತ್ಯವಿಲ್ಲ. ಮಾಸ್ಕನ್ನು ಸಡಿಲಿಸಿದರೆ ಗಾಳಿ ಸೋರಿ ಪ್ರಾಣಕ್ಕೆ ಅಪಾಯವಾಗಬಹುದು. ಎಷ್ಟು ಎಚ್ಚರವಿದ್ದರೂ ಕೆಲವು ಗಾಯಗಳು ತಪ್ಪುವುದಿಲ್ಲ. ಆದುದರಿಂದ ಪ್ರತಿಯೊಂದು ಗಾಯಕ್ಕೂ ಒಬ್ಬ ಅಪರಾಧಿಯನ್ನು ಹುಡುಕುವುದು ನ್ಯಾಯವಲ್ಲ.

ಹಾಗೆಂದು "ಜೀವವೇ ಉಳಿದಿರುವಾಗ ಮೂಗಿನ ಹುಣ್ಣಿನ ಮಾತೇಕೆ?" ಎಂದು ಕೇಳುವುದೂ ನ್ಯಾಯವಲ್ಲ. ದೊಡ್ಡ ಉಪಕಾರವು ಸಣ್ಣ ಅಪಕಾರಕ್ಕೆ ಪರವಾನಗಿಯಾಗಲಾರದು. ಅನಿವಾರ್ಯವಾದ ಹಾನಿ ಬೇರೆ, ನೋಡದೆ ಹೋದುದರಿಂದಾದ ಹಾನಿ ಬೇರೆ. ಇವೆರಡನ್ನೂ ಬೇರ್ಪಡಿಸಬಲ್ಲುದು ಒಂದೇ: ಉಪಕರಣವನ್ನು ಎತ್ತಿ ಅದರ ಕೆಳಗೆ ನೋಡಿದ್ದರೋ ಇಲ್ಲವೋ ಎಂಬುದು. ದಿನಕ್ಕೆ ಎರಡು ಬಾರಿಯಾದರೂ ಹೀಗೆ ನೋಡಬೇಕು, ಮುಖಕ್ಕೊಪ್ಪುವ ಅಳತೆಯದನ್ನೇ ಆರಿಸಬೇಕು, ಸಾಧ್ಯವಾದಾಗ ಜಾಗ ಬದಲಿಸಬೇಕು, ಮೂಳೆಯ ಮೇಲೆ ತೆಳ್ಳನೆಯ ಮೆತ್ತೆಯಿಡಬೇಕು ಎಂಬುವು ಶುಶ್ರೂಷಾಶಾಸ್ತ್ರದ ವಿಧಿಗಳು. ಇವುಗಳಲ್ಲಿ ಯಾವುದಕ್ಕೂ ಅದ್ಭುತವಾದ ವಿದ್ಯೆ ಬೇಡ. ಮರಳಿ ಬರುವ ಮನಸ್ಸು ಬೇಕು.

ರೋಗಿಯೇ ಹೇಳಬಾರದೆ ಎಂದು ಕೆಲವರು ಕೇಳಬಹುದು. ಪ್ರಜ್ಞೆಯಿಲ್ಲದವನು ಹೇಳಲಾರನು, ಗಂಟಲಲ್ಲಿ ನಳಿಕೆಯಿರುವವನಿಗೆ ಮಾತಿಲ್ಲ. ಪ್ರಜ್ಞೆಯೂ ಮಾತೂ ಇರುವವನನ್ನು ಕೃತಜ್ಞತೆಯು ತಡೆಯುತ್ತದೆ. ಪ್ರಾಣ ಉಳಿಸುವವರ ಮುಂದೆ "ಇದು ಒತ್ತುತ್ತದೆ, ತಾಯಿ" ಎನ್ನಲು ನಮ್ರನಾದ ಬಡವನಿಗೆ ನಾಲಗೆ ಏಳುವುದಿಲ್ಲ. ಇನ್ನು ಚರ್ಮವಾದರೂ ಸುಳಿವು ಕೊಡುವುದೇ? ಗ್ರಂಥಗಳು ಮೊದಲ ಚಿಹ್ನೆಯಾಗಿ ಕೆಂಪನ್ನು ಹೇಳುತ್ತವೆ. ಕಪ್ಪು ಮೈಬಣ್ಣದಲ್ಲಿ ಆ ಕೆಂಪು ಸುಲಭವಾಗಿ ಕಾಣದು; ಬೆರಳಿಂದ ಮುಟ್ಟಿ, ಬಿಸಿಯನ್ನೂ ಗಡಸುತನವನ್ನೂ ಸುತ್ತಲಿನ ಚರ್ಮದೊಡನೆ ಹೋಲಿಸಿ ತಿಳಿಯಬೇಕು. ಈ ನಾಡಿನ ರೋಗಿಗೆ ದೂರದ ನೋಟವು ಸಾಲದು, ಹತ್ತಿರದ ಸ್ಪರ್ಶವೇ ಬೇಕು.

2020 ಮತ್ತು 2021ರ ಕೋವಿಡ್ ಕಾಲದಲ್ಲಿ ದಾದಿಯರ ಮೂಗು ಕೆನ್ನೆಗಳ ಮೇಲೂ ಬಿಗಿಯಾದ ಮಾಸ್ಕುಗಳು ಇಂಥವೇ ಗುರುತುಗಳನ್ನು ಮೂಡಿಸಿದ್ದುವು. ರೋಗಿಯ ವೇದನೆಯು ಆಗ ಸೇವೆ ಮಾಡುವವರ ಅನುಭವಕ್ಕೂ ಬಂದಿತು. ಭೇದವಿಷ್ಟೆ: ದಾದಿಯು ಪಾಳಿ ಮುಗಿದ ಮೇಲೆ ತನ್ನ ಮಾಸ್ಕನ್ನು ತಾನೇ ಬಿಚ್ಚಬಲ್ಲಳು, ರೋಗಿಗೆ ಆ ಸ್ವಾತಂತ್ರ್ಯವಿಲ್ಲ. ಯಾರ ಕೈಯಲ್ಲಿ ಬಿಚ್ಚುವ ಶಕ್ತಿಯಿದೆಯೋ ಅವರ ಮೇಲೆಯೇ ನೋಡುವ ಕರ್ತವ್ಯವೂ ಇದೆ. ಆದರೆ ಒಬ್ಬ ದಾದಿಗೆ ಹತ್ತಾರು ಮಂಚಗಳನ್ನು ಒಪ್ಪಿಸಿ, ಆಕೆಯು ನೋಡಲಿಲ್ಲವೆಂದು ದೂರುವ ಸಮಾಜವು ತನ್ನ ಪಾಲಿನ ಕರ್ತವ್ಯವನ್ನು ಮರೆತಂತೆಯೇ ಸರಿ. ಬಳಿಯಲ್ಲಿ ಕುಳಿತ ಬಂಧುಗಳಿಗೂ ಇದರಲ್ಲಿ ಪಾಲುಂಟು. ತಾವೇ ಕಟ್ಟನ್ನು ಸಡಿಲಿಸುವುದು ತರವಲ್ಲ, ಕಂಡುದನ್ನು ದಾದಿಗೆ ತಿಳಿಸುವುದು ತರ.

ಆಸ್ಪತ್ರೆಯ ಈ ಸಣ್ಣ ಗಾಯವು ಎಲ್ಲ ಬಗೆಯ ಪರೋಪಕಾರಕ್ಕೂ ಅನ್ವಯಿಸುವ ಪಾಠವನ್ನು ಹೇಳುತ್ತದೆ. ನೆರವಿನ ಕಟ್ಟನ್ನು ಕಟ್ಟಿದೊಡನೆ ಪುಣ್ಯವು ಸಂದಿತೆಂದು ತಿಳಿಯುವವನು ಅರ್ಧ ಕೆಲಸವನ್ನಷ್ಟೇ ಮಾಡಿದವನು. ಕಟ್ಟಿದ ಕೈಯೇ ಮತ್ತೆ ಬಂದು, ಎತ್ತಿ, ಕೆಳಗೆ ಏನಾಗಿದೆಯೆಂದು ನೋಡಬೇಕು. ಗಾಯವಾಗಿದ್ದರೆ ಅದನ್ನು ಮರೆಮಾಡದೆ ಒಪ್ಪಿಕೊಳ್ಳಬೇಕು. ಹಾಗೆ ಮಾಡಿದಲ್ಲಿ ಗಾಯವು ಉಂಟಾದರೂ ಉಪಕಾರವು ಕೆಡುವುದಿಲ್ಲ. ಮಾಡದಿದ್ದಲ್ಲಿ ಗಾಯವು ಆಗದೆ ಹೋದರೂ ಅಲ್ಲಿ ಉಳಿಯುವುದು ಬರಿಯ ಉಪಕರಣ.