ಕುದಿನೀರಿನ ಕೆಡುಕು

ಇಂಗ್ಲೆಂಡಿನ ಕ್ರಿಸ್‌ಮಸ್ ಊಟದಲ್ಲಿ ಬ್ರಸೆಲ್ಸ್ ಸ್ಪ್ರೌಟ್ಸ್ ಇರಲೇಬೇಕು. ನಿಂಬೆಹಣ್ಣಿಗಿಂತ ಚಿಕ್ಕದಾದ, ಎಲೆಕೋಸಿನ ಮರಿಯ ಹಾಗೆ ಕಾಣುವ ಹಸಿರು ಉಂಡೆಗಳು. ಸಂಪ್ರದಾಯ ಬಿಡಬಾರದೆಂದು ಬಡಿಸಿಕೊಂಡು, ತಟ್ಟೆಯ ಅಂಚಿಗೆ ಸರಿಸಿಡುವವರು ಅಲ್ಲಿ ಬಹಳ ಮಂದಿ. ಅದರ ಹೆಸರೆತ್ತಿದರೆ ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಾರೆ. ಒಳ್ಳೆಯ ತರಕಾರಿಯೊಂದು ಹೀಗೆ ತಲೆಮಾರುಗಟ್ಟಲೆ ಬೈಗುಳ ತಿಂದದ್ದು ನನಗೆ ನಿಜಕ್ಕೂ ನೋವಿನ ವಿಷಯ. ಆ ಬೈಗುಳದಲ್ಲಿ ದೊಡ್ಡ ಪಾಲು ಸಲ್ಲಬೇಕಾದದ್ದು ಬೇಯಿಸಿದ ರೀತಿಗೆ.

ಹಳೆಯ ಇಂಗ್ಲಿಷ್ ಮನೆಗಳ ಪದ್ಧತಿ ಹೀಗಿತ್ತು: ತೊಟ್ಟಿನ ಬುಡಕ್ಕೆ ಚಾಕುವಿನಿಂದ ಅಡ್ಡ-ಉದ್ದ ಗೀರು ಹಾಕುವುದು, ಉಪ್ಪುನೀರಿಗೆ ಸುರಿಯುವುದು, ಮೆತ್ತಗಾಗುವ ತನಕ ಕುದಿಸುವುದು. ಗಟ್ಟಿಯಾದ ಬುಡ ಬೇಗ ಬೇಯಲಿ ಎಂದು ಆ ಗೀರು. ಆದರೆ ಅದೇ ದಾರಿಯಲ್ಲಿ ನೀರೂ ಒಳಗೆ ಇಳಿಯುತ್ತದೆ. ಕೋಸಿನ ಜಾತಿಯ ತರಕಾರಿಗಳಲ್ಲಿ ಗಂಧಕ ಸೇರಿದ ವಸ್ತುಗಳು ಹೇರಳ. ಹೆಚ್ಚು ಹೊತ್ತು ಕುದಿದರೆ ಅವು ಒಡೆದು, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹೊರಬೀಳುತ್ತದೆ. ಎಲೆಕೋಸನ್ನು ಕುದಿಸುವಾಗ 5ನೆಯ ನಿಮಿಷದಿಂದ 7ನೆಯ ನಿಮಿಷದೊಳಗೆ ಈ ಅನಿಲ ಎರಡು ಪಟ್ಟಾಗುತ್ತದೆ ಎನ್ನುತ್ತಾರೆ ಅಡುಗೆಯ ರಸಾಯನ ಬಲ್ಲವರು. ಎರಡೇ ನಿಮಿಷದ ಅಜಾಗ್ರತೆ ಸಾಕು, ಮನೆಯೆಲ್ಲ ನಾರುವುದಕ್ಕೆ. ಅರ್ಧ ಗಂಟೆ ಕುದಿಸಿದವರ ತಟ್ಟೆಗೆ ಏನು ಬಂದಿರಬಹುದು, ನೀವೇ ಊಹಿಸಿ.

ಕಹಿಯ ಕತೆ ಬೇರೆ. ಅದು ಗಿಡದಲ್ಲೇ ಇತ್ತು. 1990ರ ದಶಕದಲ್ಲಿ ನೆದರ್‌ಲೆಂಡ್ಸ್‌ನ ವಿಜ್ಞಾನಿ ಹಾನ್ಸ್ ವಾನ್ ಡೂರ್ನ್ ಈ ಕಹಿಗೆ ಸಿನಿಗ್ರಿನ್ ಮತ್ತು ಪ್ರೊಗಾಯ್ಟ್ರಿನ್ ಎಂಬ ಎರಡು ವಸ್ತುಗಳು ಕಾರಣವೆಂದು ಗುರುತಿಸಿದರು. ಬೀಜದ ಕಂಪನಿಗಳು ತಾವು ಕೂಡಿಟ್ಟಿದ್ದ ಹಳೆಯ ತಳಿಗಳಲ್ಲಿ ಕಹಿ ಕಡಿಮೆ ಇರುವವನ್ನು ಹುಡುಕಿ, ಹೆಚ್ಚು ಇಳುವರಿಯ ತಳಿಗಳೊಂದಿಗೆ ಕೂಡಿಸಿದವು. ಇಂದು ಅಂಗಡಿಗೆ ಬರುವ ಸ್ಪ್ರೌಟ್ಸ್ ಹಿಂದಿನದಕ್ಕಿಂತ ಸೌಮ್ಯವಾಗಿರುವುದು ಇದರಿಂದ. ಬಾಲ್ಯದಲ್ಲಿ ತಿಂದು ಬಿಟ್ಟವರು ಮತ್ತೊಮ್ಮೆ ರುಚಿ ನೋಡಲು ಇದೊಂದೇ ಕಾರಣ ಸಾಕು. ಇನ್ನು ಹುಟ್ಟಿನಿಂದಲೇ ಈ ಬಗೆಯ ಕಹಿಯನ್ನು ಬೇರೆಯವರಿಗಿಂತ ಜೋರಾಗಿ ಗ್ರಹಿಸುವ ನಾಲಿಗೆಗಳೂ ಇವೆ. ಅದು ವಂಶವಾಹಿಯಲ್ಲಿ ಬಂದದ್ದು. ಬೇಡ ಎನ್ನುವ ಮಗುವನ್ನು ಗದರಿಸುವ ಮೊದಲು ಇಷ್ಟನ್ನು ನೆನೆಯಬೇಕು.

ಸಿನಿಗ್ರಿನ್ ನಮಗೇನೂ ಹೊಸದಲ್ಲ. ನಮ್ಮ ಸಾಸಿವೆಯ ಘಾಟಿನ ಮೂಲವೂ ಅದೇ. ಹಸಿ ಸಾಸಿವೆಯನ್ನು ತೆಂಗಿನಕಾಯಿಯೊಂದಿಗೆ ಅರೆದು ಮೊಸರಿಗೆ ಬೆರೆಸಿದಾಗ ಮೂಗಿಗೆ ಏರುವ ಆ ಖಾರವನ್ನು ಮಲೆನಾಡು, ಕರಾವಳಿಯವರು ಆಸೆಪಟ್ಟು ಉಣ್ಣುತ್ತಾರೆ. ಆದ್ದರಿಂದಲೇ ಇರಬೇಕು, ಅಮೆರಿಕ, ಇಂಗ್ಲೆಂಡಿನ ಕನ್ನಡದ ಮನೆಗಳಲ್ಲಿ ಸ್ಪ್ರೌಟ್ಸ್ ಸಲೀಸಾಗಿ ಪಲ್ಯವಾಯಿತು. ಬೆಂಗಳೂರಿನ ದೊಡ್ಡ ತರಕಾರಿ ಅಂಗಡಿಗಳಲ್ಲೂ ಈಗ ಅದು ಸಿಗುತ್ತದೆ.

ಪಲ್ಯ ಮಾಡುವಾಗಲೂ ನೀರಿನ ವಿಷಯದಲ್ಲಿ ಕೈ ಬಿಗಿಯಾಗಿರಲಿ. ತೊಳೆದು, ಬಟ್ಟೆಯಲ್ಲಿ ಒರೆಸಿ, ತೇವವೇ ಇಲ್ಲದಂತೆ ಮಾಡಿ ಉದ್ದಕ್ಕೆ ಎರಡು ಹೋಳು ಮಾಡಿ. ಕಬ್ಬಿಣದ ಬಾಣಲೆ ಚೆನ್ನಾಗಿ ಕಾಯಲಿ. ಎಣ್ಣೆ ಧಾರಾಳವಾಗಿರಲಿ. ಕತ್ತರಿಸಿದ ಮುಖ ಕೆಳಗೆ ಬರುವಂತೆ ಒಂದೊಂದನ್ನೇ ಜೋಡಿಸಿ. ಆಮೇಲೆ ಸೌಟು ಮುಟ್ಟಬೇಡಿ. ಇದೇ ಕಷ್ಟದ ಕೆಲಸ, ಪಲ್ಯ ಎಂದರೆ ಕೈಯಾಡಿಸುತ್ತಲೇ ಇರಬೇಕೆಂಬುದು ನಮಗೆ ರೂಢಿ. ಮಧ್ಯಮ ಉರಿಯಲ್ಲಿ ಐದಾರು ನಿಮಿಷ ಬಿಟ್ಟರೆ ಅಡಿಭಾಗ ಕಂದುಬಣ್ಣಕ್ಕೆ ತಿರುಗುತ್ತದೆ. ಅಲ್ಲಿ ಕಹಿಯನ್ನು ಹಿಂದೆ ಸರಿಸುವ ಸಿಹಿ, ಹುರಿದ ಶೇಂಗಾದಂಥ ಪರಿಮಳ ಹುಟ್ಟುತ್ತವೆ. ನೀರು ತುಂಬಿದ ಪಾತ್ರೆಯ ಬಿಸಿ 100 ಡಿಗ್ರಿ ಸೆಲ್ಸಿಯಸ್ ದಾಟದು, ಆದ್ದರಿಂದ ಅಲ್ಲಿ ಈ ಕೆಂಪು ಬರುವುದೇ ಇಲ್ಲ. ಕೆಂಪಾದ ಮೇಲೆ ಉಪ್ಪು ಹಾಕಿ, ಒಂದೆರಡು ಚಮಚ ನೀರು ಚಿಮುಕಿಸಿ, ಎರಡು ನಿಮಿಷ ಮುಚ್ಚಿಡಿ. ಚಾಕು ಸುಲಭವಾಗಿ ಇಳಿದರೆ ಬೆಂದಿದೆ. ಉಪ್ಪನ್ನು ಜಿಪುಣತನದಿಂದ ಹಾಕಬೇಡಿ, ಕಹಿಯನ್ನು ನಾಲಿಗೆಗೆ ಮರೆಸುವುದು ಅದೇ.

ಬೇರೆ ಸೌಟಿನಲ್ಲಿ ಸಾಸಿವೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಕರಿಬೇವು, ಇಂಗಿನ ಒಗ್ಗರಣೆ. ಮೇಲೆ ತೆಂಗಿನತುರಿ. ನಿಂಬೆರಸ ಮಾತ್ರ ಒಲೆ ಆರಿಸಿದ ಮೇಲೆ, ಮೊದಲೇ ಹಿಂಡಿದರೆ ಹುಳಿಗೆ ಹಸಿರು ಮಾಸುತ್ತದೆ. ಓವನ್ ಇರುವವರು ಎಣ್ಣೆ ಸವರಿ 200 ಡಿಗ್ರಿಯಲ್ಲಿ 20–25 ನಿಮಿಷ ಇಟ್ಟರೂ ಆಯಿತು.

ಕೊಳ್ಳುವಾಗ ಚಿಕ್ಕದಾದ, ಬಿಗಿಯಾದ, ಹಳದಿ ಎಲೆಯಿಲ್ಲದ ಉಂಡೆಗಳನ್ನು ಆರಿಸಿ. ಚಳಿನಾಡಿನಲ್ಲಿರುವವರು ಹಿಮ ಬಿದ್ದ ಮೇಲೆ ಕಿತ್ತದ್ದನ್ನು ಕೇಳಿ ತನ್ನಿ, ಚಳಿಗೆ ಗಿಡದಲ್ಲಿ ಸಕ್ಕರೆ ಹೆಚ್ಚುತ್ತದೆ. ತಂದದ್ದನ್ನು ಫ್ರಿಜ್ಜಿನಲ್ಲಿ ವಾರಗಟ್ಟಲೆ ಕೂಡಿಡದೆ ಎರಡು ಮೂರು ದಿನದಲ್ಲಿ ಬಾಣಲೆಗೆ ಹಾಕಿ. ಹಳೆಯದಾದಷ್ಟೂ ಅದರ ಘಾಟು ಏರುತ್ತದೆ.